ಬರೋಡ ಬಿಟ್ಟ ಗಾಯಕ, ಧಾರವಾಡಕ್ಕೆ ದಕ್ಕಿದ ಗಾಯನ

ನಾನಿರುವ ಉಧ್ನಾ ಸೂರತ್‌ನ ಮಗ್ಗಗಳ ಬಡಾವಣೆ. ಬೆಳಗಿನಿಂದ ರಾತ್ರಿಯವರೆಗೆ ಪವರ್‌ಲೂಮ್‌ಗಳ ಖಟಖಟ. ಇಲ್ಲಿಂದ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ವಡೋದರ. ಆ ಊರಿಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ಅರಮನೆಗಿಂತ ಹೆಚ್ಚಾಗಿ, ಅಲ್ಲಿಂದ ಹೊರಟುಹೋದ ಒಬ್ಬ ಗಾಯಕ: ಉಸ್ತಾದ್ ಅಬ್ದುಲ್ ಕರೀಂ ಖಾನ್. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಈ ಹೆಸರನ್ನು ಪರಿಚಯಿಸಬೇಕಿಲ್ಲ. ಆದರೆ ಅವರ ಕತೆಯ ಬರೋಡದ ಭಾಗ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾದಲ್ಲಿ. ಕಿರಾನಾ ಘರಾಣೆ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಮನೆತನವೇ ಸಂಗೀತದ್ದು, ತಂದೆ ಕಾಲೇ ಖಾನರ ಬಳಿಯೇ ಮೊದಲ ಪಾಠ. ಹರೆಯದಲ್ಲಿ ತಮ್ಮ ಅಬ್ದುಲ್ ಹಕ್ ಜೊತೆ ಊರು ಬಿಟ್ಟು, ಊರೂರು ಸುತ್ತಿ ಬರೋಡ ತಲುಪಿದರು. ಆಗ ಅಲ್ಲಿ ಮೂರನೇ ಸಯ್ಯಾಜಿರಾವ್ ಗಾಯಕವಾಡರ ಆಳ್ವಿಕೆ. ಅಣ್ಣತಮ್ಮಂದಿರಿಗೆ ಆಸ್ಥಾನದಲ್ಲಿ ಕೆಲಸ ಸಿಕ್ಕಿತು.

ಪರವೂರಿನಲ್ಲಿ ಒಳ್ಳೆಯ ಕೆಲಸ, ರಾಜಾಶ್ರಯ, ಹೆಸರು. ಇನ್ನೊಬ್ಬರಾಗಿದ್ದರೆ ಅಲ್ಲೇ ಬೇರೂರುತ್ತಿದ್ದರು. ಆದರೆ ಅವರ ಬಳಿ ಸಂಗೀತ ಕಲಿಯುತ್ತಿದ್ದ ತಾರಾಬಾಯಿ ಮಾನೆ, ರಾಜಮನೆತನದ ಬಂಧು ಸರ್ದಾರ್ ಮಾರುತಿರಾವ್ ಮಾನೆಯವರ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು. ಧರ್ಮ ಬೇರೆ, ಅಂತಸ್ತು ಬೇರೆ. ಮನೆಯವರು ಒಪ್ಪುವ ಮಾತೇ ಇರಲಿಲ್ಲ. ಇಬ್ಬರೂ ಬರೋಡ ಬಿಟ್ಟು ಮುಂಬೈ ಸೇರಿದರು.

ಅಲ್ಲಿಂದ ಅವರ ದಾರಿ ದಕ್ಷಿಣದ ಕಡೆಗೆ ತಿರುಗಿತು. ಮಿರಜದಲ್ಲಿ ನೆಲೆಸಿದರು. ಮೈಸೂರು ಅರಮನೆಯಿಂದ ಕರೆ ಬರುತ್ತಿತ್ತು. ಹೋಗಿಬರುವಾಗ ಧಾರವಾಡ, ಹುಬ್ಬಳ್ಳಿ, ಕುಂದಗೋಳದಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯ ನಂಟು ಬೆಳೆದದ್ದು ಹೀಗೆ. ಅದೇ ಊರಿನ ಹುಡುಗ ರಾಮಭಾವು ಅವರ ಶಿಷ್ಯನಾದ. ಮುಂದೆ ಸವಾಯಿ ಗಂಧರ್ವ ಎಂದು ಹೆಸರಾದದ್ದು ಅವನೇ. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಗದಗಿನ ಬಾಲಕ ಭೀಮಸೇನ ಮನೆ ಬಿಟ್ಟು ಓಡುವಂತೆ ಮಾಡಿದ್ದು ಖಾನ್ ಸಾಹೇಬರ ಒಂದು ಠುಮ್ರಿಯ ಗ್ರಾಮಫೋನ್ ತಟ್ಟೆ.

ಎಂಜಿನಿಯರ್ ಆದ ನನಗೆ ಅವರ ಇನ್ನೊಂದು ಮುಖ ಹೆಚ್ಚು ಇಷ್ಟ. ಸ್ವರ ಅವರಿಗೆ ಭಕ್ತಿಯಷ್ಟೇ ಅಲ್ಲ, ಅಳತೆಯ ವಿಷಯವೂ ಆಗಿತ್ತು. 22 ಶ್ರುತಿಗಳ ಲೆಕ್ಕ ಹಾಕುತ್ತಿದ್ದ ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ಇಂಗ್ಲಿಷ್ ನ್ಯಾಯಾಧೀಶ ಕ್ಲೆಮೆಂಟ್ಸ್ ಅವರಿಗೆ ಹಾಡಿ ತೋರಿಸಿ ನೆರವಾದರು. ತಂಬೂರಿಯನ್ನು ಬಿಚ್ಚಿ ರಿಪೇರಿ ಮಾಡುವುದೂ ಗೊತ್ತಿತ್ತು. ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿ, ಅದರ ಸರ್ಗಮ್ ಹಾಡುವ ರೀತಿಯನ್ನು ತಮ್ಮ ಗಾಯನಕ್ಕೆ ತಂದರು. ತ್ಯಾಗರಾಜರ ಕೀರ್ತನೆಯೊಂದನ್ನು ಧ್ವನಿಮುದ್ರಿಸಿದರು. ಉತ್ತರದ ಉಸ್ತಾದರೊಬ್ಬರು ಆ ಕಾಲದಲ್ಲಿ ಹೀಗೆ ಮಾಡಿದ್ದು ಸಣ್ಣ ಮಾತಲ್ಲ. ನಾಯಿಯೊಂದಕ್ಕೆ ಸ್ವರ ಹಿಡಿಯಲು ಕಲಿಸಿ ವೇದಿಕೆಗೆ ತಂದದ್ದೂ ಇವರೇ! ಟಿಪ್ಪು ಮಿಯಾ ಅದರ ಹೆಸರು.

1913ರ ಹೊತ್ತಿಗೆ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ನಡೆಸುತ್ತಿದ್ದರು. ಬಡ ಹುಡುಗರಿಗೆ ಊಟ, ವಸತಿ, ಪಾಠ. ಖರ್ಚಿಗೆ ಕಛೇರಿಗಳ ದುಡ್ಡು. ಶಿಷ್ಯರಿಗೆ ಸಿಕ್ಕ ಉಸ್ತಾದರು ಮನೆಗೆ ಎಷ್ಟು ಸಿಕ್ಕರೋ! 1922ರಲ್ಲಿ ತಾರಾಬಾಯಿ ಐದು ಮಕ್ಕಳನ್ನು ಕರೆದುಕೊಂಡು ಅವರಿಂದ ದೂರವಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಸಕೀನಾ ಸರಸ್ವತಿ ರಾಣೆಯಾದರು. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು. ಬಡೋದೇಕರ್ ಎಂದರೆ ಬರೋಡದವರು. ಅಪ್ಪ ಅಮ್ಮ ಬಿಟ್ಟು ಬಂದ ಊರನ್ನು ಮಗಳು ಅಡ್ಡಹೆಸರಾಗಿ ಹೊತ್ತರು. ಅಪ್ಪನ ಹೆಸರು ಮಾತ್ರ ಅವರ ಹೆಸರಿನಲ್ಲಿ ಉಳಿಯಲಿಲ್ಲ. ಆದರೆ ಮೂವರೂ ಹಾಡಿದ್ದು ಕಿರಾನಾ ಗಾಯಕಿಯನ್ನೇ.

ಖಾನ್ ಸಾಹೇಬರ ಧ್ವನಿಯಲ್ಲಿರುವ ಆ ಕೊರಗಿಗೆ ಈ ಅಗಲಿಕೆಯೇ ಕಾರಣವೆಂದು ಹೇಳುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಅವರು ಮೊದಲು ಧ್ವನಿಮುದ್ರಣ ಕೊಟ್ಟದ್ದು ಮನೆ ಒಡೆಯುವುದಕ್ಕೆ ಎಷ್ಟೋ ವರ್ಷ ಮುಂಚೆ, 1905ರ ಸುಮಾರಿಗೆ. ಸ್ವರದ ಮೇಲೆ ನಿಂತುಬಿಡುವ ಗುಣ ಅವರಿಗೆ ಸಾಧನೆಯಿಂದ ಬಂದದ್ದು.

1937ರ ಅಕ್ಟೋಬರ್‌ನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ರೈಲಿನಲ್ಲಿ ಎದೆನೋವು ಶುರುವಾಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಹಾಸಿಸಿಕೊಂಡರು. ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರು ಎನ್ನುತ್ತಾರೆ. ಅಂದು 27ನೇ ತಾರೀಖು. ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅಲ್ಲಿ ವರ್ಷಕ್ಕೊಮ್ಮೆ ಅವರ ನೆನಪಿನಲ್ಲಿ ಸಂಗೀತ ಸೇವೆ ನಡೆಯುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಗಾಯಕರೂ ಅಲ್ಲಿಗೆ ಹೋಗಿ ಹಾಡಿ ಬರುತ್ತಾರೆ.