ಹುಡುಗರೊಡನೆ ಬಾಳಿದ ಗುರು: ಹರ್ಮನ್ ಮೋಗ್ಲಿಂಗ್

ಲಿಂಗನೂರು, ಮೀರಜ ಸೀಮೆಯಲ್ಲಿ ಕ್ರೈಸ್ತ ಮಿಷನರಿ ಎಂದೊಡನೆ ನೆನಪಾಗುವವರು 1894ರಲ್ಲಿ ಮೀರಜಿನ ಆಸ್ಪತ್ರೆಯನ್ನು ತೆರೆದ ವೈದ್ಯ ವಾನ್‌ಲೆಸ್. ಅದಕ್ಕೂ ಅರ್ಧ ಶತಮಾನಕ್ಕಿಂತ ಮೊದಲೇ, ಕನ್ನಡ ನಾಡಿನ ಪಡುವಣ ಕರಾವಳಿಯಲ್ಲಿ ಹದಿಹರೆಯದ ಹುಡುಗರನ್ನು ಒಂದೆಡೆ ಸೇರಿಸಿ, ಅವರೊಡನೆ ಬಾಳುತ್ತ ಧರ್ಮಕಾರ್ಯವನ್ನು ನಡೆಸಿದ ಜರ್ಮನ್ ಪಾದ್ರಿಯೊಬ್ಬರಿದ್ದರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಅವರನ್ನು ಎಲ್ಲರೂ ಬಲ್ಲರು. ಅವರು ಮೊದಲಿಗೆ ಹುಡುಗರ ಮೇಷ್ಟ್ರಾಗಿದ್ದರೆಂಬುದನ್ನು ಬಲ್ಲವರು ಕಡಿಮೆ.

ಮೋಗ್ಲಿಂಗರು ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಾಸ ಮಾಡಿದ ಅವರಿಗೆ ಸ್ವದೇಶದಲ್ಲಿಯೇ ನೆಮ್ಮದಿಯ ಪಾದ್ರಿತನ ದೊರೆಯಬಹುದಾಗಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಷನ್ನಿನ ಮೂಲಕ 1836ರಲ್ಲಿ ಮಂಗಳೂರಿಗೆ ಬಂದಿಳಿದರು. ಮಿಷನ್ನಿನವರು ಅಲ್ಲಿಗೆ ಬಂದು ಆಗ ಎರಡು ವರ್ಷವಷ್ಟೇ ಆಗಿತ್ತು.

ಬೀದಿಯಲ್ಲಿ ನಿಂತು ಉಪದೇಶ ಮಾಡುವುದು ಅಂದಿನ ಮಿಷನರಿಗಳ ರೂಢಿ. ಆ ಮಾತು ಕೇಳುಗರ ಬದುಕಿನೊಳಗೆ ಇಳಿಯುವುದಿಲ್ಲವೆಂಬುದು ಮೋಗ್ಲಿಂಗರಿಗೆ ಬೇಗನೆ ಮನದಟ್ಟಾಯಿತು. ಪರಕೀಯನ ಬೋಧನೆಗಿಂತ ನಾಡಿನ ಹುಡುಗರೇ ನಾಳೆ ನಾಡವರೊಡನೆ ಮಾತನಾಡಬೇಕು. ಅದಕ್ಕೆ ಅವರನ್ನು ಚಿಕ್ಕಂದಿನಿಂದ ಅಣಿಗೊಳಿಸಬೇಕು. ಈ ಹಂಬಲದಿಂದ ವಸತಿಶಾಲೆಯನ್ನು ಕಟ್ಟಿ, ಹುಡುಗರೊಡನೆ ಒಂದೇ ಸೂರಿನಡಿ ವಾಸಿಸಿದರು. ದೊರೆಗಳ ಬಂಗಲೆ ಬೇರೆ, ನೇಟಿವರ ಕೇರಿ ಬೇರೆ ಎಂದು ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಮಂಗಳೂರಿನ ಬಲ್ಮಠದಲ್ಲಿ ನೆಲೆಗೊಂಡ ಮಿಷನ್ನಿನ ಸೆಮಿನರಿಗೆ ಬೇರುಬಿಟ್ಟದ್ದು ಈ ಒಡನಾಟದಲ್ಲಿಯೇ.

ಹುಡುಗರಿಗೆ ಕಲಿಸಹೊರಟ ಗುರುವು ತಾನೇ ಕನ್ನಡದ ವಿದ್ಯಾರ್ಥಿಯಾಗಬೇಕಾಯಿತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದ ‘ಮಂಗಳೂರ ಸಮಾಚಾರ’ವು ಪಾಕ್ಷಿಕವಾಗಿತ್ತು. ಊರಿನ ವರ್ತಮಾನ, ಸರಕಾರದ ನಿರೂಪ, ದೂರದೇಶದ ಸುದ್ದಿ, ಕಥೆ, ನೀತಿ ಎಲ್ಲವೂ ಅದರಲ್ಲಿ ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಓದುಬರಹ ಬಲ್ಲ ತರುಣರ ಕೈಗೆ ಓದಲು ಏನನ್ನಾದರೂ ಕೊಡಬೇಕೆಂಬ ಮೇಷ್ಟರ ಕಾಳಜಿಯನ್ನು ಈ ಪತ್ರಿಕೆಯಲ್ಲಿ ಕಾಣದಿರುವುದು ಕಷ್ಟ.

ಆದರೆ ಆ ಶಾಲೆಯ ಚರಿತ್ರೆಯಲ್ಲಿ ಎಲ್ಲರ ಎದೆಯನ್ನು ಕಲಕಿದ ಘಟನೆ ಬೇರೆಯದು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು, ಇನ್ನಿಬ್ಬರು ಗೆಳೆಯರೊಡನೆ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದನು. ಆಗ ಅವನಿಗೆ ಹದಿನೆಂಟರ ಆಸುಪಾಸಿನ ವಯಸ್ಸು, ಮದುವೆಯೂ ಆಗಿತ್ತು. ಮಂಗಳೂರು ತಲ್ಲಣಿಸಿತು. ಮಕ್ಕಳನ್ನು ಓದಲು ಕಳುಹಿಸಿದ ಮನೆಗಳಿಗೆ ತಾವು ಮೋಸಹೋದೆವೆನಿಸಿತು. ಮನೆಯ ಬಾಗಿಲು ಆನಂದರಾಯನಿಗೆ ಮುಚ್ಚಿತು. ಪತ್ನಿ ಲಕ್ಷ್ಮಿಯು ಅವನ ಬಳಿಗೆ ಬಾರದೆ ಉಳಿದಳು. ಮಿಷನ್ನಿನ ಬರಹಗಳು ಇದನ್ನು ವಿಜಯವೆಂದು ಬಣ್ಣಿಸಿದ್ದುಂಟು. ಆ ಮನೆಯವರ ದುಃಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಜಯ ಅರ್ಧ ಸತ್ಯವೇ ಸರಿ. ಹರೆಯದ ಮನಸ್ಸನ್ನು ಗೆಲ್ಲಬಲ್ಲ ಗುರುವಿನ ಹೊಣೆ ಎಷ್ಟು ಭಾರವಾದುದೆಂಬುದು ಇಲ್ಲಿ ಕಾಣುತ್ತದೆ. ಮೋಗ್ಲಿಂಗರು ಆ ಹೊಣೆಯನ್ನು ನಡುದಾರಿಯಲ್ಲಿ ಕೈಬಿಡಲಿಲ್ಲ ಎಂಬುದಂತೂ ನಿಜ. ಮನೆ ಕಳೆದುಕೊಂಡ ಶಿಷ್ಯನಿಗೆ ಅವರೇ ಮನೆಯವರಾದರು. 1846ರಲ್ಲಿ ಸ್ವದೇಶಕ್ಕೆ ಹೋಗುವಾಗ ಅವನನ್ನೂ ಕರೆದೊಯ್ದು ಬಾಸೆಲ್ಲಿನಲ್ಲಿ ಓದಿಸಿದರು. 1851ರಲ್ಲಿ ಪಾದ್ರಿಯಾಗಿ ಆನಂದರಾಯರು ತಾಯ್ನಾಡಿಗೆ ಮರಳಿದರು.

ಅಷ್ಟರಲ್ಲಿ ಮೋಗ್ಲಿಂಗರು ಸಾಹಿತ್ಯದ ಕೆಲಸದಲ್ಲಿ ಮುಳುಗಿದ್ದರು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಿಂದ 1853ರವರೆಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚಿನಲ್ಲಿ ತಂದರು. ಸೋದರಸಂಬಂಧಿಯೂ ಸಹೋದ್ಯೋಗಿಯೂ ಆದ ವೈಗ್ಲೆ ಅವರ ನೆರವಿತ್ತು. ಬೇರೆ ಧರ್ಮದ ಪ್ರಚಾರಕ್ಕೆ ಬಂದ ಪಾದ್ರಿಯು ವೈಷ್ಣವ, ವೀರಶೈವ ಗ್ರಂಥಗಳನ್ನು ಇಷ್ಟು ಶ್ರದ್ಧೆಯಿಂದ ಅಚ್ಚುಮಾಡಿಸಿದ್ದನ್ನು ಬರಿಯ ಪ್ರಚಾರತಂತ್ರವೆಂದು ತಳ್ಳಿಹಾಕಲಾಗದು.

1853ರಲ್ಲಿ ಅವರು ಕೊಡಗಿಗೆ ತೆರಳಿದರು. 1855ರಲ್ಲಿ ಆ ನಾಡನ್ನು ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದ ದಲಿತ ಕುಟುಂಬಗಳಿಗೆ ನೆಲೆಯೊಂದನ್ನು ಒದಗಿಸುವ ಕೆಲಸದಲ್ಲಿ ಗುರುಶಿಷ್ಯರು ಮತ್ತೆ ಜೊತೆಯಾದರು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ವೈಗ್ಲೆಯವರ ಮರಣಾನಂತರ ಅವರ ಪತ್ನಿ ಪೌಲೀನಾರನ್ನು ವಿವಾಹವಾಗಿದ್ದ ಮೋಗ್ಲಿಂಗರು 1860ರಲ್ಲಿ ಜರ್ಮನಿಗೆ ಹಿಂತಿರುಗಿದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ನಿಧನರಾದರು.

ಆನಂದರಾಯರು ಕೊಡಗಿನಲ್ಲಿ ಕೆಲಸವನ್ನು ಮುಂದುವರಿಸಿ 1893ರಲ್ಲಿ ತೀರಿಕೊಂಡರು. ಅಲ್ಲಿ ಆ ಕುಟುಂಬಗಳಿಗಾಗಿ ನೆಲೆಗೊಂಡ ಹಳ್ಳಿಗೆ ಶಿಷ್ಯನ ಹೆಸರೇ ನಿಂತಿದೆ: ಆನಂದಪುರ.