ಜಿಂಕೆಗಳ ಲೆಕ್ಕ ಇಟ್ಟ ಆಲ್ಡೊ ಲಿಯೊಪೋಲ್ಡ್

ಮಕ್ಕಳೇ, ನಿಮ್ಮ ಮನೆಯ ಹಸುವಿಗೆ ಕಾಯಿಲೆಯಾದರೆ ನಿಮಗೆ ಹೇಗೆ ತಿಳಿಯುತ್ತದೆ? ಅದು ಮೇವು ಬಿಡುತ್ತದೆ, ಮೆಲುಕು ಹಾಕುವುದಿಲ್ಲ, ಹಾಲು ಕಡಿಮೆಯಾಗುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸುತ್ತೀರಿ. ಆದರೆ ಕಾಡಿನ ಜಿಂಕೆಗೆ ಕಾಯಿಲೆ ಬಂದರೆ? ಅದಕ್ಕೆ ಕೊಟ್ಟಿಗೆಯಿಲ್ಲ, ಒಡೆಯನಿಲ್ಲ. ಮನುಷ್ಯರನ್ನು ಕಂಡರೆ ಓಡುತ್ತದೆ. ಹಾಗಾದರೆ ಕಾಡಿನಲ್ಲಿ ಎಷ್ಟು ಜಿಂಕೆಗಳಿವೆ, ಅವು ಚೆನ್ನಾಗಿವೆಯೇ ಎಂದು ತಿಳಿಯುವುದು ಹೇಗೆ?

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದನ್ನು ಒಂದು ವಿಜ್ಞಾನವಾಗಿ ಬೆಳೆಸಿದವರಲ್ಲಿ ಅಮೆರಿಕದ ಆಲ್ಡೊ ಲಿಯೊಪೋಲ್ಡ್ ಪ್ರಮುಖರು. ಅವರು ಬೇಟೆಗಾರರಾಗಿದ್ದರು, ಅರಣ್ಯಾಧಿಕಾರಿಯಾಗಿದ್ದರು, ಪ್ರಾಧ್ಯಾಪಕರಾಗಿದ್ದರು, ಲೇಖಕರೂ ಆಗಿದ್ದರು. ಅವರ ಕಥೆಯನ್ನು ತಿಳಿಯೋಣ.

ನದಿ ದಂಡೆಯ ಬಾಲಕ

ಆಲ್ಡೊ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ. ಊರಿನ ಪಕ್ಕದಲ್ಲೇ ದೊಡ್ಡ ಮಿಸಿಸಿಪ್ಪಿ ನದಿ. ಚಳಿಗಾಲಕ್ಕೆ ಮುನ್ನ ಸಾವಿರಾರು ಬಾತುಗಳು ಆ ನದಿಯ ಗುಂಟ ದಕ್ಷಿಣಕ್ಕೆ ಹಾರುತ್ತಿದ್ದವು. ವಸಂತದಲ್ಲಿ ಮತ್ತೆ ಉತ್ತರಕ್ಕೆ ಮರಳುತ್ತಿದ್ದವು.

ತಂದೆ ಕಾರ್ಲ್ ಮೇಜುಗಳನ್ನು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ಬಿಡುವಾದಾಗ ಮಗನನ್ನು ಕಾಡಿಗೆ, ಜೌಗು ನೆಲಕ್ಕೆ ಕರೆದೊಯ್ಯುತ್ತಿದ್ದರು. ಹೆಜ್ಜೆ ಗುರುತು ನೋಡುವುದು, ಮರದ ಪೊಟರೆಯಲ್ಲಿ ಯಾರಿದ್ದಾರೆ ಎಂದು ಊಹಿಸುವುದು, ಬೇಟೆಯಾಡುವುದು, ಎಲ್ಲವನ್ನೂ ಕಲಿಸಿದರು. ಅದರ ಜೊತೆಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ವಸಂತದಲ್ಲಿ ಬಾತುಗಳು ಮೊಟ್ಟೆಯಿಡಲು ಹೋಗುತ್ತಿರುತ್ತವೆ. ಆಗ ಹೊಡೆದರೆ ಮುಂದಿನ ಸಂತತಿಯೇ ಇಲ್ಲವಾಗುತ್ತದೆ. ಆ ಕಾಲದಲ್ಲಿ ಇದಕ್ಕೆ ಕಾನೂನಿನ ತಡೆ ಇರಲಿಲ್ಲ. ಆದರೂ ಕಾರ್ಲ್ ವಸಂತದ ಬೇಟೆಯನ್ನು ತಾವಾಗಿಯೇ ಬಿಟ್ಟುಬಿಟ್ಟರು. ಯಾರೂ ನೋಡದಿದ್ದಾಗಲೂ ನಿಯಮ ಪಾಲಿಸಬೇಕು ಎಂಬುದನ್ನು ಬಾಲಕ ಆಲ್ಡೊ ತಂದೆಯಿಂದ ಕಲಿತ.

ತೋಳದ ಕಣ್ಣಿನ ಬೆಳಕು

ಆಲ್ಡೊ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿದರು. 1909ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಅರಣ್ಯ ಇಲಾಖೆ ಸೇರಿದರು. ಮೊದಲ ಕೆಲಸ ಅರಿಜೋನಾ ಪ್ರದೇಶದ ಬೆಟ್ಟಗಾಡಿನಲ್ಲಿ. ಆಗ ಅವರಿಗೆ 22 ವರ್ಷ.

ಆ ದಿನಗಳಲ್ಲಿ ಎಲ್ಲರೂ ನಂಬಿದ್ದ ಒಂದು ಮಾತಿತ್ತು. ತೋಳಗಳು ಜಿಂಕೆಗಳನ್ನು ತಿನ್ನುತ್ತವೆ. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತವೆ. ತೋಳವೇ ಇಲ್ಲದಿದ್ದರೆ ಬೇಟೆಗಾರರಿಗೆ ಸ್ವರ್ಗ! ಲಿಯೊಪೋಲ್ಡ್ ಅವರೂ ಹಾಗೆಯೇ ನಂಬಿದ್ದರು. ಒಂದು ದಿನ ಬೆಟ್ಟದ ಅಂಚಿನಲ್ಲಿ ಕುಳಿತಿದ್ದಾಗ ಕೆಳಗೆ ಒಂದು ಹೆಣ್ಣು ತೋಳ ಮರಿಗಳೊಂದಿಗೆ ಕಂಡಿತು. ಅವರೂ ಜೊತೆಗಾರರೂ ಗುಂಡು ಹಾರಿಸಿದರು. ಇಳಿದು ಹತ್ತಿರ ಹೋದಾಗ ತಾಯಿ ತೋಳಕ್ಕೆ ಇನ್ನೂ ಜೀವವಿತ್ತು. ಅದರ ಕಣ್ಣಿನಲ್ಲಿದ್ದ ಹಸಿರು ಹೊಳಪು ನಿಧಾನವಾಗಿ ಆರಿಹೋಗುವುದನ್ನು ಅವರು ಕಂಡರು. ಎಷ್ಟೋ ವರ್ಷಗಳ ನಂತರ ಅವರು ಈ ಘಟನೆಯನ್ನು ಬರೆದರು. ತೋಳವಿಲ್ಲದ ಬೆಟ್ಟಕ್ಕೆ ಜಿಂಕೆಗಳೇ ಭಯ ತರುತ್ತವೆ ಎಂಬುದು ಅಷ್ಟರಲ್ಲಿ ಅವರಿಗೆ ಅರ್ಥವಾಗಿತ್ತು.

ಜಿಂಕೆಗಳಿಂದ ಬೆಟ್ಟಕ್ಕೆ ಏನು ಭಯ? ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯನ್ನೇ ನೋಡಿ. 1906ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿ ಜಿಂಕೆ ಬೇಟೆಯನ್ನು ನಿಲ್ಲಿಸಿದರು. ತೋಳ, ಪೂಮಾ ಮುಂತಾದ ಮಾಂಸಾಹಾರಿಗಳನ್ನು ಕೊಂದರು. ಜಿಂಕೆಗಳ ಸಂಖ್ಯೆ ಏರಿತು. ಅವು ಚಿಗುರು, ಎಳೆಯ ಸಸಿ, ಕೈಗೆಟಕುವ ಎತ್ತರದ ರೆಂಬೆ, ಎಲ್ಲವನ್ನೂ ಮೇಯ್ದುಬಿಟ್ಟವು. ಹೊಸ ಮರಗಳು ಹುಟ್ಟದಾದವು. 1924ರ ನಂತರದ ಚಳಿಗಾಲಗಳಲ್ಲಿ ಸಾವಿರಾರು ಜಿಂಕೆಗಳು ಹಸಿವಿನಿಂದ ಸತ್ತವು.

ಎಣಿಕೆಯೇ ಮೊದಲ ಹೆಜ್ಜೆ

1924ರಲ್ಲಿ ಲಿಯೊಪೋಲ್ಡ್ ಅವರ ಪ್ರಯತ್ನದಿಂದ ನ್ಯೂ ಮೆಕ್ಸಿಕೊದ ಗೀಲಾ ಕಾಡಿನ ಸುಮಾರು 7 ಲಕ್ಷ 50 ಸಾವಿರ ಎಕರೆಯನ್ನು ರಸ್ತೆ, ಕಟ್ಟಡಗಳಿಲ್ಲದ ವನ್ಯಪ್ರದೇಶವಾಗಿ ಉಳಿಸಲಾಯಿತು. ಅದೇ ವರ್ಷ ಅವರು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದರು. 1928ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಕಾಡುಪ್ರಾಣಿ, ಪಕ್ಷಿಗಳ ಸಮೀಕ್ಷೆ ಆರಂಭಿಸಿದರು. ಊರೂರು ಸುತ್ತಿದರು. ರೈತರನ್ನು, ಬೇಟೆಗಾರರನ್ನು ಮಾತನಾಡಿಸಿದರು. ಯಾವ ಪ್ರಾಣಿ ಎಲ್ಲಿದೆ, ಎಷ್ಟಿದೆ, ಏಕೆ ಕಡಿಮೆಯಾಗಿದೆ ಎಂದು ಬರೆದುಕೊಂಡರು.

1931ರಲ್ಲಿ ಅವರು ಮ್ಯಾಡಿಸನ್ ಹತ್ತಿರದ ರೈಲಿ ಎಂಬ ಹಳ್ಳಿಯಲ್ಲಿ ಒಂದು ಹೊಸ ಪ್ರಯೋಗ ಮಾಡಿದರು. ಅಲ್ಲಿ ರೈತರಿಗೂ ನಗರದಿಂದ ಬರುವ ಬೇಟೆಗಾರರಿಗೂ ಜಗಳವಿತ್ತು. ಲಿಯೊಪೋಲ್ಡ್ ಇಬ್ಬರನ್ನೂ ಸೇರಿಸಿ ಒಂದು ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಇಡುವುದು, ಅಡಗಲು ಪೊದೆ ಬೆಳೆಸುವುದು, ಅವುಗಳನ್ನು ಎಣಿಸುವುದು ಎಲ್ಲರ ಕೆಲಸವಾಯಿತು. ಎಣಿಕೆ ನೋಡಿಯೇ ಬೇಟೆಯ ಮಿತಿ.

1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರನ್ನು ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅಮೆರಿಕದಲ್ಲಿ ಇಂಥ ಹುದ್ದೆ ಇದೇ ಮೊದಲು. ಈ ವಿಷಯದ ಅವರ ಪಠ್ಯಪುಸ್ತಕವೂ ಅದೇ ವರ್ಷ ಬಂತು.

ಬೇಟೆಗಾರರ ಸಿಟ್ಟು

1940ರ ವೇಳೆಗೆ ವಿಸ್ಕಾನ್ಸಿನ್‌ನ ಉತ್ತರದ ಕಾಡುಗಳಲ್ಲಿ ಕೈಬಾಬ್ ಕಥೆ ಮರುಕಳಿಸುವಂತೆ ಕಂಡಿತು. ಜಿಂಕೆಗಳು ವಿಪರೀತ ಹೆಚ್ಚಿದ್ದವು. ಹಿಮ ಬಿದ್ದಾಗ ಮೇವು ಸಾಲದೆ ಸಾಯುತ್ತಿದ್ದವು. ಲಿಯೊಪೋಲ್ಡ್ ನೇತೃತ್ವದ ನಾಗರಿಕರ ಸಮಿತಿ ಕಾಡಿಗೆ ಹೋಗಿ ಸತ್ತ ಜಿಂಕೆಗಳನ್ನು ಪರಿಶೀಲಿಸಿತು. ಗಂಡು ಜಿಂಕೆಗಳನ್ನಷ್ಟೇ ಅಲ್ಲ, ಹೆಣ್ಣುಗಳನ್ನೂ ಕಡಿಮೆ ಮಾಡಬೇಕೆಂದು ಹೇಳಿತು.

1943ರಲ್ಲಿ ಸರ್ಕಾರ ಹಾಗೆಯೇ ಅನುಮತಿ ಕೊಟ್ಟಿತು. ಒಂದೇ ಋತುವಿನಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೇಟೆಯಾದವು. ಜನ ಕೆರಳಿದರು. ಹೆಣ್ಣು ಜಿಂಕೆಯನ್ನು ಕೊಲ್ಲುವುದು ತಪ್ಪು ಎಂದು ತಲೆತಲಾಂತರದಿಂದ ನಂಬಿದ್ದ ಬೇಟೆಗಾರರೇ ಹೆಚ್ಚು ಸಿಟ್ಟಾದರು. ಪತ್ರಿಕೆಗಳಲ್ಲಿ ಲಿಯೊಪೋಲ್ಡ್ ಅವರನ್ನು ಹೀಗಳೆದರು. ಅವರು ಹೆದರಿ ಹಿಂದೆ ಸರಿಯಲಿಲ್ಲ. ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾಗಿ ಕೊನೆಯವರೆಗೂ ದುಡಿದರು. ಅಂಕಿಅಂಶ ಎಷ್ಟೇ ಸರಿಯಿದ್ದರೂ ಜನರಿಗೆ ಅದು ಮನದಟ್ಟಾಗದಿದ್ದರೆ ಕೆಲಸ ಸಾಗುವುದಿಲ್ಲ ಎಂಬುದನ್ನು ಈ ಘಟನೆ ತೋರಿಸುತ್ತದೆ.

ಕೋಳಿಗೂಡಿನ ಮನೆ

1935ರಲ್ಲಿ ಲಿಯೊಪೋಲ್ಡ್ ವಿಸ್ಕಾನ್ಸಿನ್ ನದಿಯ ಬಳಿ ಪಾಳುಬಿದ್ದ ಒಂದು ಹೊಲ ಕೊಂಡರು. ಅಲ್ಲಿ ಉಳಿದಿದ್ದ ಕಟ್ಟಡವೆಂದರೆ ಒಂದು ಹಳೆಯ ಕೋಳಿಗೂಡು ಮಾತ್ರ. ಅದನ್ನೇ ಗುಡಿಸಿ, ಸರಿಪಡಿಸಿ ವಾರಾಂತ್ಯದ ಮನೆ ಮಾಡಿಕೊಂಡರು. ಪತ್ನಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳ ಜೊತೆ ಸೇರಿ ಸಾವಿರಾರು ಪೈನ್ ಗಿಡ ನೆಟ್ಟರು. ಯಾವ ಹೂ ಯಾವ ದಿನ ಅರಳಿತು, ಯಾವ ಹಕ್ಕಿ ಎಂದು ಬಂತು ಎಂದು ತಪ್ಪದೆ ಬರೆದಿಟ್ಟರು. ಅವರ ನಂತರ ಮಗಳು ನೀನಾ ಅದೇ ಜಾಗದಲ್ಲಿ ಈ ಲೆಕ್ಕ ಮುಂದುವರಿಸಿದರು. ಎರಡನ್ನೂ ಹೋಲಿಸಿದಾಗ ಅನೇಕ ಹೂಗಳು ಮೊದಲಿಗಿಂತ ಬೇಗ ಅರಳುತ್ತಿವೆ, ಕೆಲವು ಹಕ್ಕಿಗಳು ಬೇಗ ಬರುತ್ತಿವೆ ಎಂದು ತಿಳಿಯಿತು. ಹವಾಮಾನ ಬದಲಾಗುತ್ತಿದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. 1999ರಲ್ಲಿ ಇದು ಸಂಶೋಧನಾ ಪ್ರಬಂಧವಾಗಿ ಪ್ರಕಟವಾಯಿತು.

1948ರ ಏಪ್ರಿಲ್ 21ರಂದು ಪಕ್ಕದ ಹೊಲದಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ನಂದಿಸಲು ಓಡಿದ ಲಿಯೊಪೋಲ್ಡ್ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 61 ವರ್ಷ. ಆ ಹೊಲದ ಅನುಭವಗಳನ್ನು ಕುರಿತ ಅವರ ಪುಸ್ತಕ ಮರುವರ್ಷ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಮಣ್ಣು, ನೀರು, ಗಿಡ, ಪ್ರಾಣಿ, ಮನುಷ್ಯ, ಎಲ್ಲರೂ ಒಂದೇ ಕೂಡುಕುಟುಂಬದವರು ಎಂಬುದು ಅದರ ಸಾರ.

ಸೊರಗುವ ಜಿಂಕೆಗಳು

ಲಿಯೊಪೋಲ್ಡ್ ಕಾಣದಿದ್ದ ಒಂದು ಕಷ್ಟ ಮುಂದೆ ಬಂತು. 1967ರಲ್ಲಿ ಕೊಲರಾಡೊ ರಾಜ್ಯದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳು ಮೇವಿದ್ದರೂ ಸೊರಗತೊಡಗಿದವು. ಜೊಲ್ಲು ಸುರಿಸುತ್ತ, ತಲೆ ಇಳಿಬಿಟ್ಟು, ತೂರಾಡುತ್ತ ಕೊನೆಗೆ ಸತ್ತವು. ಈ ಕಾಯಿಲೆಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂದು ಹೆಸರು. ನಾವು ಇದನ್ನು ಜಿಂಕೆಗಳ ಸೊರಗು ರೋಗ ಎನ್ನೋಣ. ನಮ್ಮ ತೊಗರಿ ಗಿಡಕ್ಕೆ ಬರುವ ಸೊರಗು ರೋಗ ಶಿಲೀಂಧ್ರದಿಂದ ಬರುತ್ತದೆ. ಅದೇ ಬೇರೆ, ಇದೇ ಬೇರೆ.

ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ ಪ್ರೋಟೀನ್. ನಮ್ಮ ದೇಹದ ಪ್ರೋಟೀನ್‌ಗಳು ಒಂದು ಕ್ರಮದಲ್ಲಿ ಮಡಚಿಕೊಂಡಿರುತ್ತವೆ. ಪ್ರಿಯಾನ್ ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಶಾಲೆಯ ಕವಾಯತಿನಲ್ಲಿ ಒಬ್ಬ ತಪ್ಪು ದಿಕ್ಕಿಗೆ ತಿರುಗಿದರೆ ಪಕ್ಕದವರೂ ಅವನನ್ನು ನೋಡಿ ತಿರುಗುತ್ತಾರಲ್ಲ, ಹಾಗೆ ಪ್ರಿಯಾನ್ ಸೋಕಿದ ಸರಿಯಾದ ಪ್ರೋಟೀನ್ ಕೂಡ ತಪ್ಪಾಗಿ ಮಡಚಿಕೊಳ್ಳುತ್ತದೆ. ಕ್ರಮೇಣ ಮೆದುಳಿನಲ್ಲಿ ಸಣ್ಣ ಸಣ್ಣ ತೂತುಗಳಾಗಿ ಅದು ಸ್ಪಂಜಿನಂತಾಗುತ್ತದೆ. ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಪ್ರಿಯಾನ್ ಹೊರಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕುದಿಸಿದರೂ ನಾಶವಾಗದು. ಔಷಧವಿಲ್ಲ, ಲಸಿಕೆಯೂ ಇಲ್ಲ. ಮನುಷ್ಯರಿಗೆ ಈ ರೋಗ ಅಂಟಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬಾರದೆಂದು ವೈದ್ಯರು ಎಚ್ಚರಿಸುತ್ತಾರೆ.

ಬೇಟೆಗಾರರೇ ಸಹಾಯಕರು

ಈ ರೋಗದ ಕಷ್ಟವೆಂದರೆ, ಅಂಟಿದ ಮೇಲೂ ಜಿಂಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆರೋಗ್ಯವಾಗಿಯೇ ಕಾಣುತ್ತದೆ. ನೋಡಿ ಹೇಳುವಂತಿಲ್ಲ. ಸತ್ತ ಜಿಂಕೆಯ ಗಂಟಲಿನ ದುಗ್ಧರಸ ಗ್ರಂಥಿಯನ್ನೋ ಮೆದುಳಿನ ಚೂರನ್ನೋ ಪರೀಕ್ಷಿಸಬೇಕು. ಅದಕ್ಕಾಗಿ ಸಾವಿರಾರು ಜಿಂಕೆಗಳನ್ನು ತರುವವರು ಯಾರು?

ಅಮೆರಿಕದಲ್ಲಿ ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ ಜಿಂಕೆ ಬೇಟೆಯಾಡಲು ಕಾನೂನಿನ ಅನುಮತಿಯಿದೆ. ಅದೇ ಬೇಟೆಗಾರರು ವಿಜ್ಞಾನಿಗಳಿಗೆ ನೆರವಾದರು. ಅವರು ಜಿಂಕೆಯ ತಲೆಯನ್ನು ಮಾದರಿ ಸಂಗ್ರಹ ಕೇಂದ್ರಕ್ಕೆ ತಂದುಕೊಡುತ್ತಾರೆ. ಯಾವ ದಿನ, ಯಾವ ಜಾಗದಲ್ಲಿ ಸಿಕ್ಕಿತು ಎಂದು ಚೀಟಿಯಲ್ಲಿ ಬರೆಯುತ್ತಾರೆ. ಸಿಬ್ಬಂದಿ ಹಲ್ಲಿನ ಸವೆತ ನೋಡಿ ಜಿಂಕೆಯ ವಯಸ್ಸು ಅಂದಾಜು ಮಾಡುತ್ತಾರೆ. ಗ್ರಂಥಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಫಲಿತಾಂಶ ಬೇಟೆಗಾರರಿಗೂ ತಿಳಿಯುತ್ತದೆ.

2001ರ ನವೆಂಬರ್‌ನಲ್ಲಿ ವಿಸ್ಕಾನ್ಸಿನ್ ಬೇಟೆಗಾರರು ಕೊಟ್ಟ ಮಾದರಿಗಳಲ್ಲಿ ಮೂರರಲ್ಲಿ ರೋಗ ಪತ್ತೆಯಾಯಿತು. 2002ರ ಫೆಬ್ರವರಿಯಲ್ಲಿ ಅದು ಪ್ರಕಟವಾದಾಗ ರಾಜ್ಯವೇ ಬೆಚ್ಚಿತು. ಆ ಜಿಂಕೆಗಳು ಸಿಕ್ಕಿದ್ದು ಡೇನ್ ಜಿಲ್ಲೆಯಲ್ಲಿ. ಲಿಯೊಪೋಲ್ಡ್ ರೈತರನ್ನೂ ಬೇಟೆಗಾರರನ್ನೂ ಒಂದುಗೂಡಿಸಿದ ರೈಲಿ ಹಳ್ಳಿ ಇರುವುದೂ ಅದೇ ಜಿಲ್ಲೆಯಲ್ಲಿ! ಮುಂದಿನ ಋತುವಿನಲ್ಲಿ ಸುಮಾರು 40 ಸಾವಿರ ಜಿಂಕೆಗಳ ಪರೀಕ್ಷೆ ನಡೆಯಿತು. ಬೇಟೆಗಾರರ ನೆರವಿಲ್ಲದೆ ಇದು ಸಾಧ್ಯವೇ ಇರಲಿಲ್ಲ.

ಆದರೆ ರೋಗವಿದ್ದ ಪ್ರದೇಶದ ಜಿಂಕೆಗಳನ್ನೆಲ್ಲ ಕೊಂದು ರೋಗ ಅಳಿಸಬೇಕೆಂದು ಸರ್ಕಾರ ಹೊರಟಾಗ ಅನೇಕ ಬೇಟೆಗಾರರೂ ಜಮೀನುದಾರರೂ ಒಪ್ಪಲಿಲ್ಲ. 1943ರ ಸಿಟ್ಟು ಮತ್ತೆ ಕಂಡಿತು. ಆ ಯೋಜನೆಯನ್ನು ಕೈಬಿಡಬೇಕಾಯಿತು. ರೋಗ ಇಂದಿಗೂ ಅಲ್ಲಿದೆ. ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಕೆನಡಾದಲ್ಲಿ, ದಕ್ಷಿಣ ಕೊರಿಯಾದಲ್ಲಿ ಇದು ಕಂಡುಬಂದಿದೆ. 2016ರಲ್ಲಿ ನಾರ್ವೆ ದೇಶದ ಹಿಮಸಾರಂಗಗಳಲ್ಲೂ ಪತ್ತೆಯಾಯಿತು. ಎಲ್ಲಿ ಹೊಸದಾಗಿ ಬಂದಿದೆ ಎಂದು ಬೇಗ ತಿಳಿದರೆ ಹರಡುವುದನ್ನು ನಿಧಾನಗೊಳಿಸಬಹುದು. ಹಾಗಾಗಿ ಪ್ರತಿ ವರ್ಷವೂ ಮಾದರಿ ಬೇಕು. ಮಾದರಿ ಕೊಡುವವರಿಗೆ ವಿಜ್ಞಾನಿಗಳ ಮೇಲೆ ನಂಬಿಕೆಯೂ ಬೇಕು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆ, ಕಡವೆಗಳ ಬೇಟೆ ಅಪರಾಧ. ನಮ್ಮಲ್ಲಿ ಕಾಡುಪ್ರಾಣಿಗಳ ರೋಗ ಪತ್ತೆಗೆ ಜನ ಬೇರೆ ರೀತಿಯಲ್ಲಿ ನೆರವಾಗುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆ ಬೆಳಕಿಗೆ ಬಂದದ್ದು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಜನ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಉಣುಗುಗಳಿಂದ ಹರಡುವ ಆ ರೋಗದ ಬಗ್ಗೆ ಇಲಾಖೆಗೆ ಸಿಗುವ ಮುನ್ಸೂಚನೆ ಅದು. ನೀವೂ ಸತ್ತ ಕಾಡುಪ್ರಾಣಿ ಕಂಡರೆ ಮುಟ್ಟಬೇಡಿ, ದೊಡ್ಡವರಿಗೆ ತಿಳಿಸಿ.

ಮಾಡಿ ನೋಡಿ

ಒಂದು ಡಬ್ಬಿಯಲ್ಲಿ 100 ಹುಣಸೆ ಬೀಜ ಹಾಕಿ. ಅವುಗಳಲ್ಲಿ 5 ಬೀಜಗಳಿಗೆ ಮಾತ್ರ ಸುಣ್ಣದ ಗುರುತು ಹಾಕಿರಿ. ಇವು ರೋಗದ ಜಿಂಕೆಗಳು. ಕಣ್ಣು ಮುಚ್ಚಿ 5 ಬೀಜ ತೆಗೆಯಿರಿ. ಗುರುತಿನ ಬೀಜ ಬಂತೇ? ಬರೆದುಕೊಂಡು ಎಲ್ಲವನ್ನೂ ಮತ್ತೆ ಡಬ್ಬಿಗೆ ಹಾಕಿ ಕುಲುಕಿ. ಹೀಗೆ 10 ಸಲ ಮಾಡಿ. ಈಗ ಪ್ರತಿ ಸಲ 20 ಬೀಜ ತೆಗೆದು 10 ಸಲ ಮಾಡಿ. ಎರಡು ಲೆಕ್ಕಗಳನ್ನೂ ಹೋಲಿಸಿ. ನೂರಕ್ಕೆ ಒಂದು ಜಿಂಕೆಗೆ ಮಾತ್ರ ರೋಗವಿರುವ ದೊಡ್ಡ ಕಾಡಿನಲ್ಲಿ, ಅದನ್ನು ಕಂಡುಹಿಡಿಯುವ ಸಾಧ್ಯತೆ ಶೇಕಡಾ 95 ಆಗಬೇಕಾದರೆ ಸುಮಾರು 300 ಜಿಂಕೆಗಳನ್ನು ಪರೀಕ್ಷಿಸಬೇಕು. ವಿಜ್ಞಾನಿಗಳಿಗೆ ಅಷ್ಟೊಂದು ಬೇಟೆಗಾರರ ನೆರವು ಏಕೆ ಬೇಕು ಎಂಬುದನ್ನು ಈಗ ನೀವೇ ನಿಮ್ಮ ಗೆಳೆಯರಿಗೆ ವಿವರಿಸಿ.