ಚಿನ್ನದ ಗಣಿಯ ಊರಿನಲ್ಲಿ ಪುನರುತ್ಥಾನದ ಹಬ್ಬ

ಕೋಲಾರ ಜಿಲ್ಲೆಯ ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ರೈಲು ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಗಡಿನಾಡಿನ ಊರುಗಳೆಲ್ಲ ಸೇರಿ ಕೋಲಾರ ಚಿನ್ನದ ಗಣಿ ಪ್ರದೇಶ ಎನಿಸಿಕೊಂಡಿವೆ; ಜನರ ಬಾಯಲ್ಲಿ ಅದು ಕೆ.ಜಿ.ಎಫ್. ಹಿಂದೂ, ಮುಸ್ಲಿಂ, ಬೌದ್ಧ, ಕ್ರೈಸ್ತ ಕುಟುಂಬಗಳು ಅಕ್ಕಪಕ್ಕದಲ್ಲಿ ಬಾಳಿಕೊಂಡು ಬಂದಿರುವ ಈ ನೆಲದಲ್ಲಿ, ಕ್ರೈಸ್ತ ಧರ್ಮಸಭೆ ತನ್ನ ಹಬ್ಬಗಳಲ್ಲೆಲ್ಲ ಹಿರಿದೆಂದು ಎಣಿಸುವ ಈಸ್ಟರ್ ಹಬ್ಬಕ್ಕೆ ವಿಶೇಷವಾದ ಅರ್ಥವಿದೆ. ಹೊರದೇಶಗಳಲ್ಲಿ ಚಾಕೊಲೇಟ್ ಮೊಟ್ಟೆ ಮತ್ತು ಮೊಲದ ಚಿತ್ರಗಳ ಮೂಲಕ ಈ ಹಬ್ಬವನ್ನು ಅರಿತ ಕನ್ನಡದ ಮಕ್ಕಳಿಗೆ, ತಮ್ಮ ನಾಡಿನ ಗಣಿಕಾರ್ಮಿಕರು ಅದನ್ನು ಹೇಗೆ ಕಂಡರು ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಸತ್ತವನು ಮತ್ತೆ ಎದ್ದು ಬರುವುದಕ್ಕೆ ಪುನರುತ್ಥಾನ ಎಂದು ಹೆಸರು. ಯೇಸು ಸ್ವಾಮಿ ಶಿಲುಬೆಯ ಮೇಲೆ ಶುಕ್ರವಾರ ಪ್ರಾಣಬಿಟ್ಟು, ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇರಿಸಲ್ಪಟ್ಟು, ಮೂರನೆಯ ದಿನವಾದ ಭಾನುವಾರ ಜೀವಂತನಾಗಿ ಎದ್ದನೆಂಬುದು ಕ್ರೈಸ್ತ ನಂಬಿಕೆಯ ತಳಹದಿ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಗ್ರಂಥಗಳಿಗೆ ಸುವಾರ್ತೆಗಳು, ಅಂದರೆ ಶುಭಸಮಾಚಾರದ ಪುಸ್ತಕಗಳು, ಎಂದು ಹೆಸರಿದ್ದು, ಅವು ನಾಲ್ಕೂ ಈ ಘಟನೆಯ ಮೊದಲ ಸುದ್ದಿ ಹೆಂಗಸರಿಗೆ ದೊರೆಯಿತೆಂದು ಹೇಳುತ್ತವೆ. ನಸುಕಿನಲ್ಲಿ ಸಮಾಧಿಗೆ ಹೋದ ಅವರು ಬಾಗಿಲಿನ ಕಲ್ಲು ಉರುಳಿರುವುದನ್ನು ಕಂಡರು. ಯೋಹಾನನ ಸುವಾರ್ತೆಯ ಪ್ರಕಾರ, ಅಳುತ್ತ ನಿಂತಿದ್ದ ಮಗ್ದಲದ ಮರಿಯಳು ಎದುರಿಗಿದ್ದವನನ್ನು ತೋಟದ ಮಾಲಿಯೆಂದು ಭಾವಿಸಿದಳು. ಅವನು ಅವಳ ಹೆಸರು ಹಿಡಿದು ಕರೆದಾಗ ಮಾತ್ರ ಅವನೇ ಯೇಸುವೆಂದು ಗುರುತಿಸಿದಳು. ಜಗತ್ತನ್ನೇ ಬೆರಗುಗೊಳಿಸುವ ಸಂಗತಿಯೊಂದು ಅರಮನೆಯ ಮುಂದೆ ಡಂಗುರವಾಗಿ ಸಾರಲ್ಪಡದೆ, ದುಃಖದಲ್ಲಿದ್ದ ಒಬ್ಬ ಹೆಂಗಸಿಗೆ ಅವಳ ಹೆಸರಿನ ಮೂಲಕ ತಿಳಿದುಬಂದಿತೆಂಬುದೇ ಈ ಕಥೆಯ ಸೊಗಸು.

ಈ ಕಥೆ ಕನ್ನಡದ ಓದುಗರಿಗೆ ಅಚ್ಚಿನಲ್ಲಿ ದೊರೆತದ್ದು 19ನೆಯ ಶತಮಾನದಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದನು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಬಂದಿತ್ತು. ಮುಂದೆ ಕ್ರೈಸ್ತೇತರ ಕವಿಗಳೂ ಈ ವಸ್ತುವಿಗೆ ಮನಸೋತರು. ಕಾಸರಗೋಡಿನ ಮಂಜೇಶ್ವರದ ರಾಷ್ಟ್ರಕವಿ ಎಂ. ಗೋವಿಂದ ಪೈ ಅವರು ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿ, ಶಿಲುಬೆಯ ನೋವನ್ನು ಕನ್ನಡ ಕಾವ್ಯದ ಆಸ್ತಿಯನ್ನಾಗಿ ಮಾಡಿದರು.

ಕ್ರಿಸ್‌ಮಸ್ ಪ್ರತಿವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಈಸ್ಟರ್ ಮಾತ್ರ ಯುಗಾದಿಯಂತೆ ಚಂದ್ರನನ್ನು ಅನುಸರಿಸಿ ದಿನ ಬದಲಿಸುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯನ್ನು ಸಭೆಯ ಪಂಚಾಂಗದ ಪ್ರಕಾರ ಗುರುತಿಸಿ, ಅದು ಕಳೆದ ಮೊದಲ ಭಾನುವಾರ ಹಬ್ಬವನ್ನು ಆಚರಿಸುವುದರಿಂದ, ಭಾರತದ ಹೆಚ್ಚಿನ ಚರ್ಚುಗಳಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬೀಳುತ್ತದೆ. ಅಮಾವಾಸ್ಯೆಯ ಮರುದಿನದ ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೂ ಈಸ್ಟರ್ ಏಪ್ರಿಲ್ 20ಕ್ಕೂ ಬಂದವು. ಹೊಂಗೆ ಚಿಗುರಿ, ಬೇವು ಹೂವಾಗಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ತೂಗುವ ಈ ಕಾಲದಲ್ಲಿ ಕೋಲಾರ ಸೀಮೆಯ ಜನ ಎರಡು ಹೊಸ ಆರಂಭಗಳನ್ನು ಹತ್ತಿರ ಹತ್ತಿರದಲ್ಲೇ ಬರಮಾಡಿಕೊಳ್ಳುತ್ತಾರೆ.

ಕೆ.ಜಿ.ಎಫ್.ನ ಇತಿಹಾಸದ ಪರಿಚಯವಿಲ್ಲದೆ ಅಲ್ಲಿಯ ಹಬ್ಬ ಪೂರ್ತಿ ಅರ್ಥವಾಗುವುದಿಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ ಈ ಭಾಗದಲ್ಲಿ ಭೂಮಾಪನ ನಡೆಸುತ್ತಿದ್ದಾಗ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ಬಗೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡು ದಾಖಲಿಸಿದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಆಳದ ಗಣಿಗಾರಿಕೆಯನ್ನು ನೆಲೆಗೊಳಿಸಿದಾಗ, ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಸಾವಿರಾರು ಬಡ ಕುಟುಂಬಗಳು, ಅವುಗಳಲ್ಲಿ ಬಹುಪಾಲು ದಲಿತರು, ಕೆಲಸ ಅರಸಿ ಇಲ್ಲಿಗೆ ಬಂದು ‘ಲೈನು’ಗಳೆಂದು ಕರೆಯುವ ಸಾಲುಮನೆಗಳಲ್ಲಿ ನೆಲೆಸಿದವು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಆಂಗ್ಲೋ ಇಂಡಿಯನ್ ಮನೆತನಗಳೂ ಅವರೊಡನೆ ಸೇರಿಕೊಂಡವು. ಚಾಂಪಿಯನ್ ರೀಫ್‌ನ ವಿಜಯಮಾತೆಯ ಕಥೋಲಿಕ ದೇವಾಲಯ, ಊರಿಗಾಂನ ಸಂತ ಮೈಕೇಲರ ಹೆಸರಿನ ಆಂಗ್ಲಿಕನ್ ಮೂಲದ ಚರ್ಚು ಮುಂತಾದವು ಈ ಬೆರಕೆಯ ಸಮಾಜದ ಪ್ರಾರ್ಥನಾ ನೆಲೆಗಳಾದವು. ಅದೇ ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಪಂಡಿತ ಅಯೋತ್ತಿದಾಸರ ಪ್ರೇರಣೆಯ ಬೌದ್ಧ ಸಂಘವೂ ಬೇರೂರಿತು.

ಹಬ್ಬಕ್ಕೆ ಮುನ್ನ ನಲವತ್ತು ದಿನಗಳ ವ್ರತವಿರುತ್ತದೆ. ಭಾನುವಾರಗಳನ್ನು ಬಿಟ್ಟು ಎಣಿಸುವ ಈ ಅವಧಿಗೆ ಕನ್ನಡ ಕಥೋಲಿಕರು ತಪಸ್ಸುಕಾಲ ಎನ್ನುತ್ತಾರೆ. ಹಣೆಗೆ ಬೂದಿ ಇಡಿಸಿಕೊಳ್ಳುವ ಬೂದಿ ಬುಧವಾರದಿಂದ ಅದು ತೊಡಗುತ್ತದೆ. ಕೊನೆಯ ವಾರದ ಮೊದಲ ದಿನ, ಯೇಸು ಜೆರುಸಲೇಮ್ ನಗರವನ್ನು ಪ್ರವೇಶಿಸಿದ ನೆನಪಿಗಾಗಿ, ಎಳೆಯ ತಾಳೆ ಅಥವಾ ತೆಂಗಿನ ಗರಿಗಳನ್ನು ಹಿಡಿದು ಮೆರವಣಿಗೆ ಹೋಗುವ ಗರಿಗಳ ಭಾನುವಾರ ಬರುತ್ತದೆ. ತಮಿಳಿನಲ್ಲಿ ಅದು ಕುರುತ್ತೋಲೈ ಞಾಯಿರು. ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದುದನ್ನು ನೆನೆದು ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. ತಮಿಳರು ಪೆರಿಯ ವೆಳ್ಳಿ ಎಂದು ಕರೆಯುವ ಶುಭ ಶುಕ್ರವಾರದಂದು ಉಪವಾಸವಿದ್ದು, ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಘಟ್ಟಗಳನ್ನು ಧ್ಯಾನಿಸುವ ಶಿಲುಬೆಯ ಹಾದಿಯನ್ನು ಆಚರಿಸುತ್ತಾರೆ.

ಶನಿವಾರ ರಾತ್ರಿಯ ಪಾಸ್ಖ ಜಾಗರಣೆ ಮಕ್ಕಳ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವ ಆಚರಣೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ಯೆಹೂದ್ಯರು ಸ್ಮರಿಸುವ ಹಬ್ಬ ಪಾಸ್ಖ. ಯೇಸುವಿನ ಮರಣ ಮತ್ತು ಪುನರುತ್ಥಾನ ಅದೇ ಹಬ್ಬದ ದಿನಗಳಲ್ಲಿ ನಡೆದುದರಿಂದ ಕ್ರೈಸ್ತರೂ ಆ ಹೆಸರನ್ನು ಉಳಿಸಿಕೊಂಡರು. ಶಿವನಸಮುದ್ರದ ಕಾವೇರಿ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲೇ ವಿದ್ಯುತ್ತನ್ನು ಪಡೆದ ಈ ಊರಿನಲ್ಲಿ, ಆ ರಾತ್ರಿ ದೇವಾಲಯದ ದೀಪಗಳನ್ನೆಲ್ಲ ಬೇಕೆಂದೇ ಆರಿಸುತ್ತಾರೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಶಿಲುಬೆಯ ಗುರುತನ್ನೂ ಆ ವರ್ಷದ ಅಂಕಿಗಳನ್ನೂ ಕೆತ್ತಿದ ದೊಡ್ಡ ಮೇಣದಬತ್ತಿಗೆ ಆ ಬೆಂಕಿಯಿಂದ ಜ್ವಾಲೆ ತಗುಲಿಸಿ, ಅದನ್ನು ಕತ್ತಲೆಯ ದೇವಾಲಯದೊಳಗೆ ತರುತ್ತಾರೆ; ಅದರಿಂದ ಒಬ್ಬರು, ಅವರಿಂದ ಮತ್ತೊಬ್ಬರು ಬೆಳಕು ಹತ್ತಿಸಿಕೊಳ್ಳುತ್ತ ಹೋದಂತೆ ಇಡೀ ಸಭೆ ಬೆಳಗುತ್ತದೆ. ಜಗತ್ತಿನ ಸೃಷ್ಟಿಯಿಂದ ಮೊದಲಾಗಿ ಗ್ರಂಥಪಠಣ ನಡೆದ ಮೇಲೆ, ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಒಮ್ಮೆಲೇ ಮೊಳಗುತ್ತವೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದೇ ಸಂಭ್ರಮ ಅನೇಕ ಕಡೆ ಭಾನುವಾರದ ಸೂರ್ಯೋದಯದ ಆರಾಧನೆಯಾಗಿ ನಡೆಯುತ್ತದೆ.

ಮಕ್ಕಳಿಗೆ ಪ್ರಿಯವಾದ ಮೊಟ್ಟೆಗೂ ಇಲ್ಲಿ ಸ್ಥಾನವಿದೆ. ಹಿಂದಿನ ಕಾಲದಲ್ಲಿ ಯುರೋಪಿನ ಕ್ರೈಸ್ತರು ವ್ರತದ ದಿನಗಳಲ್ಲಿ ಮೊಟ್ಟೆ ತಿನ್ನುತ್ತಿರಲಿಲ್ಲವಾಗಿ, ಹಬ್ಬದಂದು ಅದು ಮರಳಿ ಊಟಕ್ಕೆ ಬರುವುದೇ ಸಂತಸದ ವಿಷಯವಾಗಿತ್ತು. ಮೇಲೆ ಜಡವಾಗಿ ಕಂಡರೂ ಒಳಗಿನಿಂದ ಜೀವ ಒಡೆದು ಬರುವ ಮೊಟ್ಟೆಯಲ್ಲಿ ಅವರು ತೆರೆದ ಸಮಾಧಿಯ ಸಂಕೇತವನ್ನೂ ಕಂಡರು. ಆಂಗ್ಲೋ ಇಂಡಿಯನ್ ಮನೆಗಳ ಮೂಲಕ ಸಕ್ಕರೆಯ ಈಸ್ಟರ್ ಮೊಟ್ಟೆ, ಶುಭ ಶುಕ್ರವಾರದ ಶಿಲುಬೆ ಗುರುತಿನ ಬನ್ನು ನಮ್ಮ ಬೇಕರಿಗಳಿಗೂ ಬಂದವು.

ಆದರೆ ಗಣಿಯ ಜನರಿಗೆ ಈ ಹಬ್ಬ ಹತ್ತಿರವಾದುದಕ್ಕೆ ಕಾರಣ ತಿಂಡಿಗಿಂತ ಆಳವಾದದ್ದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಆಳದ ಒತ್ತಡ ತಾಳಲಾರದೆ ಬಂಡೆ ತಾನಾಗಿ ಸಿಡಿಯುವ ‘ರಾಕ್ ಬರ್ಸ್ಟ್’ ಎಂಬ ಅವಘಡದಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್ ರೋಗ ಇನ್ನೂ ಹಲವರನ್ನು ಬಲಿ ತೆಗೆದುಕೊಂಡಿತು. ಕೇಜ್ ಎಂಬ ಪಂಜರದಂಥ ಲಿಫ್ಟಿನಲ್ಲಿ ಪ್ರತಿ ಪಾಳಿಗೂ ಭೂಗರ್ಭಕ್ಕೆ ಇಳಿದವರು ಮೇಲೆ ಬರುವುದನ್ನೇ ಮನೆಯವರು ಕಾಯಬೇಕಾಗಿದ್ದ ಊರಿನಲ್ಲಿ, ಬಂಡೆಯ ಗರ್ಭವನ್ನು ಹೊಕ್ಕವನೊಬ್ಬ ನಸುಕಿನಲ್ಲಿ ಜೀವಂತನಾಗಿ ಹೊರಬಂದನೆಂಬ ಸುವಾರ್ತೆಗೆ ದೊರೆಯುವ ಅರ್ಥವೇ ಬೇರೆ. ಮರಳಿ ಬಾರದವರ ಬಗ್ಗೆಯೂ ಅದು ಒಂದು ಭರವಸೆ ಕೊಡುತ್ತದೆ. ಏಕೆಂದರೆ ಕ್ರಿಸ್ತನು ಎದ್ದಂತೆ ಸತ್ತವರೆಲ್ಲ ಎದ್ದುಬರುವರೆಂಬುದು ಕ್ರೈಸ್ತರು ತಮ್ಮ ವಿಶ್ವಾಸಪ್ರಮಾಣದಲ್ಲಿ ಹೇಳಿಕೊಳ್ಳುವ ಮಾತು.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ಕೂಡ ದುಡಿಯುವವರ ಕಥೆಯೇ. ಯೇಸುವಿನ ಶಿಷ್ಯ ಪೇತ್ರನೂ ಅವನ ಸಂಗಡಿಗರೂ ಸೇರಿ ಏಳು ಮಂದಿ ರಾತ್ರಿಯಿಡೀ ಬಲೆ ಬೀಸಿ ಒಂದು ಮೀನನ್ನೂ ಕಾಣದೆ ದಣಿದಿದ್ದರು. ಬೆಳಗಾಗುವಾಗ ದಡದಲ್ಲಿ ನಿಂತವನೊಬ್ಬನ ಮಾತಿನಂತೆ ಮತ್ತೆ ಬಲೆ ಬೀಸಿದಾಗ 153 ದೊಡ್ಡ ಮೀನುಗಳು ಸಿಕ್ಕವು. ದಡಕ್ಕೆ ಬಂದರೆ, ಪುನರುತ್ಥಾನಗೊಂಡ ಯೇಸು ಕೆಂಡದ ಮೇಲೆ ಮೀನು ಸುಡುತ್ತ, ರೊಟ್ಟಿ ಇಟ್ಟುಕೊಂಡು, ಅವರನ್ನು ಊಟಕ್ಕೆ ಕರೆಯುತ್ತಾನೆ. ಮರಣವನ್ನು ಗೆದ್ದವನು ಮೊದಲು ಮಾಡಿದ ಕೆಲಸಗಳಲ್ಲಿ, ರಾತ್ರಿ ದುಡಿದು ಬಂದವರಿಗೆ ಬೆಳಗಿನ ಊಟ ಬಡಿಸಿದ್ದೂ ಒಂದೆಂಬುದು ರಾತ್ರಿ ಪಾಳಿಯ ದಣಿವನ್ನು ಬಲ್ಲ ಮನೆಗಳಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಯನೈಡ್ ಗುಡ್ಡಗಳೆಂದು ಕರೆಯುವ, ಚಿನ್ನ ತೆಗೆದುಳಿದ ಮಣ್ಣಿನ ದಿಬ್ಬಗಳು ಉಳಿದವು. ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು, ಹಲವರು ಹೊರದೇಶಗಳಿಗೂ ಹೋದರು. ಕಂಪನಿ ಹೋದರೂ ಹಬ್ಬ ನಿಲ್ಲಲಿಲ್ಲ. ಆದ್ದರಿಂದ ಹೊರದೇಶಗಳಲ್ಲಿರುವ ಕನ್ನಡದ ಮಕ್ಕಳು ಕೋಲಾರ ಸೀಮೆಯಿಂದ ಬಂದ ಹಿರಿಯರನ್ನು ಕಂಡರೆ, ಅವರ ಕಾಲದ ಜಾಗರಣೆಯ ರಾತ್ರಿಯನ್ನು ಕೇಳಿ ತಿಳಿಯುವುದು ಒಳ್ಳೆಯದು. ಜೊತೆಗೆ ಒಂದು ಲೆಕ್ಕವನ್ನೂ ಮರೆಯಬಾರದು: ತಪಸ್ಸುಕಾಲ ನಲವತ್ತು ದಿನಗಳದ್ದಾದರೆ, ಈಸ್ಟರ್‌ನಿಂದ ಪವಿತ್ರಾತ್ಮನ ಹಬ್ಬವಾದ ಪೆಂತೆಕೊಸ್ತಿನವರೆಗಿನ ಆನಂದದ ಕಾಲ ಐವತ್ತು ದಿನಗಳದ್ದು. ದುಃಖಕ್ಕೂ ಅದರದೇ ಕಾಲವನ್ನು ಕೊಟ್ಟು, ಸಂತೋಷಕ್ಕೆ ಅದಕ್ಕಿಂತ ಹೆಚ್ಚಿನ ಕಾಲವನ್ನು ಮೀಸಲಿಟ್ಟ ಈ ಎಣಿಕೆಯಲ್ಲೇ ಪುನರುತ್ಥಾನದ ಹಬ್ಬದ ತಿರುಳಿದೆ.